ಅಲೀಪುರದ ಗೋಡೆಯಲ್ಲಿ ಏಳು ಪದರ

ಅಲೀಪುರಕ್ಕೆ ಹೋಗುವ ಹೊರಗಿನವರು ಸಾಮಾನ್ಯವಾಗಿ ಹರಳು ಕೊಳ್ಳುವುದಕ್ಕೆ ಹೋಗುತ್ತಾರೆ. ಇಲ್ಲವೆ ಮೊಹರಮ್ಮಿನ ಮೆರವಣಿಗೆ ನೋಡುವುದಕ್ಕೆ ಹೋಗುತ್ತಾರೆ. ನಾವು ಹೋದದ್ದು ಗೋಡೆ ನೋಡುವುದಕ್ಕೆ. ಇದನ್ನು ಕೇಳಿ ನಮ್ಮ ನೆರೆಮನೆಯವರು ನಕ್ಕರು. “ಗೋಡೆ ನಮ್ಮ ಬೀದಿಯಲ್ಲಿಯೇ ಇಲ್ಲವೆ, ಅದಕ್ಕಾಗಿ ರೈಲು ಹತ್ತಬೇಕೆ?” ಎಂದು ಅವರು ಕೇಳಿದರು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ, ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಸಂಗತಿ ಆರಂಭವಾದದ್ದು ಒಂದು ಹಳೆಯ ಪುಸ್ತಕದಿಂದ. ಗೆಳೆಯರೊಬ್ಬರು ನಮ್ಮ ನಾಡಿನ ಕಸುಬುಗಳನ್ನು ಕುರಿತ ಹಳೆಯ ಕೈಪಿಡಿಯೊಂದನ್ನು ಪರಿಷ್ಕರಿಸುವ ಕೆಲಸ ಹಿಡಿದಿದ್ದಾರೆ. ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆಗಳಿಗೆ ಅದರಲ್ಲಿ ಪುಟಗಟ್ಟಲೆ ಸ್ಥಳವಿದೆ. ಮನೆಗೆ ಸುಣ್ಣಬಣ್ಣ ಬಳಿಯುವ ಕಸುಬಿಗೆ ಮಾತ್ರ ಆರೇ ಸಾಲು. ಆ ಆರು ಸಾಲುಗಳ ಸಾರ ಇಷ್ಟು: ಯುಗಾದಿಗೂ ದೀಪಾವಳಿಗೂ ಮನೆಗಳಿಗೆ ಸುಣ್ಣ ಬಳಿಯುವ ವಾಡಿಕೆ ಉಂಟು, ಸುಣ್ಣ ಸುಡುವವರು ಉಪ್ಪಾರರು, ಬಣ್ಣದ ಕೆಲಸದವರು ಚಿತ್ರಗಾರರು, ಬಾಗಿಲು ಕಿಟಕಿಗಳಿಗೆ ಸೀಸದ ಬಿಳಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಹಚ್ಚತಕ್ಕದ್ದು. “ಇಷ್ಟನ್ನು ಇಂದಿನ ಕಾಲಕ್ಕೆ ಒಪ್ಪುವಂತೆ ತಿದ್ದಿಕೊಡಿ” ಎಂದು ಗೆಳೆಯರು ಕೇಳಿಕೊಂಡರು. ಆರು ಸಾಲು ತಾನೆ, ಒಂದು ಸಂಜೆಯ ಕೆಲಸ ಎಂದುಕೊಂಡು ನಾನು ಒಪ್ಪಿಕೊಂಡೆನು.

ಮೊದಲು ಪುಸ್ತಕಾಲಯಕ್ಕೆ ಹೋದೆನು. ಬಿ. ಎಲ್. ರೈಸರ ಮೈಸೂರು ಗೆಜೆಟಿಯರು 1897ರಲ್ಲಿ ಪರಿಷ್ಕೃತವಾಗಿ ಬಂದದ್ದು. ಹಯವದನರಾಯರದು 1927ರಿಂದ 1930ರವರೆಗೆ ಬೆಳಕು ಕಂಡದ್ದು. ಥರ್ಸ್ಟನ್ ಮತ್ತು ರಂಗಾಚಾರಿಯವರು ದಕ್ಷಿಣ ಭಾರತದ ಜಾತಿಗಳನ್ನು ಕುರಿತು ಬರೆದ ಏಳು ಸಂಪುಟಗಳು 1909ರವು. ಇವುಗಳಲ್ಲಿ ಕಸುಬನ್ನು ಹುಡುಕಬೇಕಾದರೆ ಜಾತಿಯ ಹೆಸರಿನ ಕೆಳಗೆ ಹುಡುಕಬೇಕು. ಚಿತ್ರಗಾರರಿಗೆ ಬಣ್ಣಗಾರರೆಂಬ ಇನ್ನೊಂದು ಹೆಸರು ಸಿಕ್ಕುತ್ತದೆ. ಉಪ್ಪು, ಸುಣ್ಣ, ಇಟ್ಟಿಗೆ, ಗಾರೆಗಳ ಮಾತು ಉಪ್ಪಾರರ ವರ್ಣನೆಯಲ್ಲಿ ಸಿಕ್ಕುತ್ತದೆ. ಆದರೆ ಏಣಿಯ ಮೇಲೆ ನಿಂತು ಗೋಡೆಗೆ ಕುಂಚವಾಡಿಸುವ ಮನುಷ್ಯನು ಎಲ್ಲಿಯೂ ಸಿಕ್ಕುವುದಿಲ್ಲ. ಕೊನೆಗೆ 1968ರ ಕೋಲಾರ ಜಿಲ್ಲಾ ಗೆಜೆಟಿಯರನ್ನು ತೆಗೆದೆನು. ಅದರ ರಟ್ಟಿನ ಮೇಲೆ ಇರುವ ರಾಜ್ಯದ ಹೆಸರು ಮೈಸೂರು. 1973ರಲ್ಲಿ ಅದು ಕರ್ನಾಟಕವಾಯಿತು. ಒಳಗಿರುವ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರಲ್ಲಿ ಹೊಸ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ರಾಜ್ಯದ ಹೆಸರು, ಜಿಲ್ಲೆಯ ಎಲ್ಲೆಗಳೇ ಹೀಗೆ ಬದಲಾಗಿರುವಾಗ ಗೋಡೆಯ ಬಣ್ಣದ ಗತಿಯೇನು!

ಹೀಗೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ನನ್ನಾಕೆ ದಾರಿ ತೋರಿದಳು. ಅವಳ ಮೂಗುತಿಯ ಹರಳು ಸಡಿಲವಾಗಿ, ಅದನ್ನು ಕೂರಿಸಿಕೊಟ್ಟ ಅಲೀಪುರದ ಹರಳಿನ ವ್ಯಾಪಾರಿಯೊಬ್ಬರ ಪರಿಚಯ ನಮಗಾಗಿತ್ತು. ಅವರು ಮಾತಿನ ನಡುವೆ, ಊರಿನಲ್ಲಿರುವ ತಾತನ ಕಾಲದ ಮನೆಗೆ ಮೂರು ವರ್ಷದಲ್ಲಿ ಎರಡು ಸಾರಿ ಬಣ್ಣ ಹೊಡೆಸಿದರೂ ಗೋಡೆ ಸುಲಿಯುತ್ತಲೇ ಇದೆಯೆಂದೂ, ಈ ಬಾರಿ ಹಳೆಯ ಗಾರೆಯನ್ನೆಲ್ಲ ಒಡೆದು ಸಿಮೆಂಟು ಮೆತ್ತಿಸುವುದೆಂದು ನಿಶ್ಚಯಿಸಿರುವುದಾಗಿಯೂ ಹೇಳಿದ್ದರು. “ಪುಸ್ತಕದಲ್ಲಿ ಸಿಕ್ಕದ್ದು ಆ ಗೋಡೆಯಲ್ಲಿ ಸಿಕ್ಕೀತು. ಒಡೆಯುವುದಕ್ಕೆ ಮುಂಚೆ ಹೋಗಿ ನೋಡೋಣ” ಎಂದಳು.

ಬೇಸಗೆಯ ಕೊನೆಯ ಒಂದು ಬೆಳಿಗ್ಗೆ ಹಿಂದೂಪುರದ ಕಡೆಯ ರೈಲು ಹತ್ತಿದೆವು. ದೊಡ್ಡಬಳ್ಳಾಪುರ ದಾಟಿದ ಮೇಲೆ ಹಳಿ ಬೆಟ್ಟಗಳ ನಡುವೆ ನುಸುಳುತ್ತದೆ. ಮಾಕಳಿದುರ್ಗದ ಬಂಡೆಗಳೂ, ಅವುಗಳ ನೆತ್ತಿಯ ಮೇಲಿನ ಕೋಟೆಯೂ ಸ್ವಲ್ಪ ಹೊತ್ತು ಕಿಟಕಿಯಲ್ಲಿ ನಮ್ಮ ಜೊತೆಗೇ ಬಂದು ಹಿಂದುಳಿದವು. ತೊಂಡೇಬಾವಿಯಲ್ಲಿ ಇಳಿದೆವು. ಇಲ್ಲಿ ಈಗ ದೊಡ್ಡದೊಂದು ಸಿಮೆಂಟು ಕಾರ್ಖಾನೆ ಇದೆ. ಸುಣ್ಣವನ್ನು ಹುಡುಕಿಕೊಂಡು ಬಂದ ನಮ್ಮನ್ನು ಮೊದಲು ಎದುರುಗೊಂಡದ್ದು ಸುಣ್ಣವನ್ನು ಬದಿಗೆ ಸರಿಸಿದ ವಸ್ತುವೇ! ಅಲ್ಲಿಂದ ಆಟೋ ಮಾಡಿಕೊಂಡು ಅಲೀಪುರಕ್ಕೆ ಹೊರಟೆವು. ಎರಡು ಕಡೆಗೂ ಕೆಂಪು ನೆಲ, ಕಲ್ಲುಗುಡ್ಡ, ಅಲ್ಲೊಂದು ಇಲ್ಲೊಂದು ಹುಣಿಸೆಯ ಮರ.

ಅಲೀಪುರದಲ್ಲಿ ನೆಲೆಸಿರುವವರು ಹೆಚ್ಚುಕಡಿಮೆ ಎಲ್ಲರೂ ಷಿಯಾ ಮುಸಲ್ಮಾನರು. ಊರಿನ ಹೆಸರು ಹಬ್ಬಿರುವುದು ಹರಳುಗಳಿಂದ. ಒರಟು ಕಲ್ಲನ್ನು ತಂದು ಅರೆದು, ಮುಖ ಕೊಟ್ಟು, ಹೊಳಪು ತಂದು ಮಾರುವ ಕೆಲಸದಲ್ಲಿ ಇಲ್ಲಿಯ ಜನ ನುರಿತವರು. ವ್ಯಾಪಾರಕ್ಕಾಗಿ ದೂರದ ಊರು, ಹೊರದೇಶಗಳಿಗೂ ಹೋಗಿಬರುವವರು. ಬೀದಿಯಲ್ಲಿ ಉರ್ದು ಕೇಳಿಸುತ್ತದೆ. ಸಂತೆಗೆ ಬಂದ ಹಳ್ಳಿಯವರೊಡನೆ ಅದೇ ಬಾಯಿ ಕನ್ನಡಕ್ಕೂ ತೆಲುಗಿಗೂ ತಿರುಗುತ್ತದೆ. ಆಂಧ್ರದ ಗಡಿಗೆ ಹತ್ತಿರದ ತಾಲ್ಲೂಕಲ್ಲವೆ! ಹೊಸ ಮನೆಗಳು ಎತ್ತರವಾಗಿ ಎದ್ದಿವೆ. ಅವುಗಳ ಮೈಮೇಲೆ ಡಬ್ಬಿಯ ಬಣ್ಣದ ಪಟ್ಟಿಯಲ್ಲಿ ಎಷ್ಟುಂಟೋ ಅಷ್ಟು ಬಣ್ಣಗಳೂ ಇವೆ. ನಡುನಡುವೆ ತಗ್ಗಿನ ಹಳೆಯ ಮನೆಗಳು. ನಮ್ಮ ವ್ಯಾಪಾರಿಯ ಮನೆ ಅಂಥದೊಂದು.

ಮನೆಯ ಯಜಮಾನರು ಬಾಗಿಲಲ್ಲಿಯೇ ಕಾದಿದ್ದರು. ಅವರ ವೃದ್ಧ ತಾಯಿ, ಮಕ್ಕಳು “ದಾದಿ” ಎಂದು ಕರೆಯುವವರು, ನನ್ನಾಕೆಯನ್ನು ಕೈಹಿಡಿದು ಒಳಗೆ ಕರೆದೊಯ್ದರು. ಸುಲಿಯುತ್ತಿದ್ದದ್ದು ಅವರ ಕೋಣೆಯ ಗೋಡೆಯೇ. ಆಳೆತ್ತರದವರೆಗೆ ಬಣ್ಣ ಹಪ್ಪಳದಂತೆ ಉಬ್ಬಿ, ಮುಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಕೆಳಗೆ ಬಿಳಿಯ ಉಪ್ಪಿನ ಹುಡಿ. “ರಾತ್ರಿ ಹಾಸಿಗೆಯ ಮೇಲೆಲ್ಲ ಬೀಳುತ್ತದಮ್ಮ. ಮಳೆಗಾಲ ಬಂದರೆ ವಾಸನೆ ಬೇರೆ. ಕೋಣೆ ಬದಲಾಯಿಸು ಎನ್ನುತ್ತಾನೆ ಮಗ. ಮದುವೆಯಾಗಿ ಬಂದಾಗಿನಿಂದ ಇದೇ ಕೋಣೆ. ಈಗೆಲ್ಲಿಗೆ ಹೋಗಲಿ?” ಎಂದರು ಆ ತಾಯಿ.

ಯಜಮಾನರು ಒಂದು ದೊಡ್ಡ ಚಕ್ಕೆಯನ್ನು ಕೈಗೆ ತೆಗೆದುಕೊಂಡರು. ಮೂಲೆಯ ಬೀರುವಿನಿಂದ ಹರಳು ಪರೀಕ್ಷಿಸುವ ಪುಟ್ಟ ಮಸೂರವನ್ನು ತಂದು ಕಣ್ಣಿಗೆ ಹಿಡಿದು, ಚಕ್ಕೆಯ ಅಂಚನ್ನು ಬೆಳಕಿಗೆ ತಿರುಗಿಸಿದರು. ಕಸುಬಿನ ಕಣ್ಣು ಎಂದರೆ ಏನೆಂಬುದನ್ನು ನಾನು ಅಂದು ಕಂಡೆನು. “ಒಂದು... ಎರಡು... ನಾಲ್ಕು...” ಎಂದು ಎಣಿಸುತ್ತ ಹೋಗಿ, “ಏಳು ಪದರ ಇದೆಯಲ್ಲ ಸ್ವಾಮಿ!” ಎಂದು ತಾವೇ ಬೆರಗಾದರು. ನನಗೂ ತೋರಿಸಿದರು. ತೀರ ಒಳಗೆ ಹಾಲಿನಂಥ ಬಿಳಿ, ಅದರ ಮೇಲೆ ಕೊಂಚ ನೀಲಿ ಬೆರೆತ ಬಿಳಿ, ಬಳಿಕ ತೆಳುಹಸಿರು, ಅನಂತರ ಹಳದಿ, ಆಮೇಲೆ ಗುಲಾಬಿ, ಅದರ ಮೇಲೆ ಕೆನೆಬಣ್ಣ, ಎಲ್ಲಕ್ಕೂ ಹೊರಗೆ ಹೊಳೆಯುವ ತೆಳುವಾದ ಒಂದು ಪೊರೆ. ಆ ತಾಯಿ ಕೇಳಿಸಿಕೊಂಡು, “ಹಸಿರು ಇವನು ಹುಟ್ಟಿದ ವರ್ಷ ಬಳಿಸಿದ್ದು. ಗುಲಾಬಿ ನನ್ನ ಹಿರಿಯ ಮಗಳ ಮದುವೆಗೆ” ಎಂದರು. ಯಾವ ಗೆಜೆಟಿಯರಿನಲ್ಲಿಯೂ ಇಲ್ಲದ ತಾರೀಖುಗಳು!

ಈ ಪದರಗಳ ಅರ್ಥವನ್ನು ಬಿಡಿಸಿ ಹೇಳಬಲ್ಲವರು ಬೇಕಾಗಿತ್ತು. ಯಜಮಾನರು ಪಕ್ಕದ ಹಳ್ಳಿಯ ಒಬ್ಬ ವೃದ್ಧ ಮೇಸ್ತ್ರಿಗೆ ಹೇಳಿಕಳಿಸಿದರು. ಎಪ್ಪತ್ತು ದಾಟಿದ, ಒಣಗಿದ ಬೇಲದ ಮರದಂಥ ಮೈಕಟ್ಟಿನ ಮನುಷ್ಯ. ಅವರು ಚಕ್ಕೆಯನ್ನು ಕಣ್ಣಿಗೆ ಹಿಡಿಯಲಿಲ್ಲ. ಬೆರಳುಗಳ ನಡುವೆ ಹೊಸಕಿದರು.

“ಮೊದಲಿನ ನಾಲ್ಕೂ ಸುಣ್ಣ ಸ್ವಾಮಿ. ಹಸಿರು, ಹಳದಿ ಸುದ್ದಾ ಸುಣ್ಣದಲ್ಲೇ ಪುಡಿ ಬೆರೆಸಿದ್ದು. ಗುಲಾಬಿ ಡಿಸ್ಟೆಂಪರು, ಅದು ನಾನೇ ಬಳಿದದ್ದು. ಕೆನೆ ಸುದ್ದಾ ಡಿಸ್ಟೆಂಪರೇ, ಆದರೆ ಹೊಸ ತರಹದ್ದು, ನೀರು ಬಿದ್ದರೆ ಕರಗೋದಿಲ್ಲ. ಮೇಲಿಂದು ಪ್ಲಾಸ್ಟಿಕ್ ಪೇಂಟು. ಆಗ ನನ್ನ ಕೇಳಲಿಲ್ಲ, ಸಾಹೇಬರು ಬೇರೆಯವರ ಕೈಲಿ ಹೊಡೆಸಿದರು.”

“ತಪ್ಪಾಯಿತು ಮೇಸ್ತ್ರಿ” ಎಂದರು ಯಜಮಾನರು ನಗುತ್ತ.

“ತಪ್ಪು ನಿಮ್ಮದಲ್ಲ ಸಾಹೇಬರೇ, ಈಗ ಎಲ್ಲರೂ ಹಾಗೇ ಮಾಡೋದು. ಮಳೆ ನೀರು ಒಳಗೆ ಬಂತು ಅಂತ ನೀವು ಅಂದುಕೊಂಡಿರಿ. ಮೇಲಿಂದ ಬಂದ ನೀರಲ್ಲ ಇದು, ಬುಡದಿಂದ ಹತ್ತಿದ್ದು. ಹಳೇ ಗೋಡೆ ನೆಲದ ತೇವ ಕುಡೀತದೆ. ಸುಣ್ಣ ಇದ್ದಾಗ ಅದು ಹಾಗೇ ಗಾಳಿಗೆ ಆರಿ ಹೋಗ್ತಿತ್ತು. ಈಗ ಗೋಡೆಗೆ ಮಳೆಕೋಟು ತೊಡಿಸಿಬಿಟ್ಟಿದ್ದೀರಿ. ಒಳಗೆ ಬೆವರ್ತಾ ಇದೆ.”

ಕಟ್ಟಡ ವಿಜ್ಞಾನದವರು ಉದ್ದವಾಗಿ ಹೇಳುವುದೂ ಇದನ್ನೇ. ಕಲ್ಲು, ಇಟ್ಟಿಗೆ, ಮಣ್ಣು, ಸುಣ್ಣದ ಗಾರೆಗಳಿಂದ ಕಟ್ಟಿದ ಹಳೆಯ ಗೋಡೆಯಲ್ಲಿ ನೆಲದ ತೇವ ಏರುತ್ತಲೇ ಇರುತ್ತದೆ. ಸುಣ್ಣದ ಪದರದಲ್ಲಿ ಸೂಕ್ಷ್ಮವಾದ ರಂಧ್ರಗಳಿರುವುದರಿಂದ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಬಗೆಯ ಬಣ್ಣ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ತೇವ ಹಿಂದೆ ನಿಂತು, ತಾನು ಹೊತ್ತು ತಂದ ಲವಣಗಳನ್ನು ಅಲ್ಲಿಯೇ ಬಿಟ್ಟು, ಬಣ್ಣವನ್ನು ಹಿಂದಿನಿಂದ ನೂಕುತ್ತದೆ. ಗಾರೆಯನ್ನು ಒಡೆದು ಸಿಮೆಂಟು ಮೆತ್ತಿದರೂ ತೇವ ಹೋಗುವುದಿಲ್ಲ. ಇನ್ನಷ್ಟು ಮೇಲಕ್ಕೆ ಹತ್ತುತ್ತದೆ, ಅಷ್ಟೆ. ಹೊಸ ಸಿಮೆಂಟಿನ ಗೋಡೆಗೆ ಒಪ್ಪುವ ಬಣ್ಣವೇ ಹಳೆಯ ಗೋಡೆಗೆ ಒಪ್ಪಬೇಕೆಂಬ ನಿಯಮವಿಲ್ಲ. ಈ ಒಂದು ಮಾತು ಹಳೆಯ ಕೈಪಿಡಿಯಲ್ಲಿ ಇಲ್ಲ. ಅದು ಅಚ್ಚಾದಾಗ ಎಲ್ಲ ಗೋಡೆಗಳೂ ಸುಣ್ಣದವೇ ಆಗಿದ್ದುದರಿಂದ ಹೇಳುವ ಅಗತ್ಯವಿರಲಿಲ್ಲ. ಹೊಸ ಕೈಪಿಡಿಗಳಲ್ಲಿಯೂ ಅಪರೂಪ; ಬರೆಯುವವರಿಗೆ ಸುಣ್ಣವೇ ಮರೆತುಹೋಗಿದೆ.

ನಾನು ಟಿಪ್ಪಣಿ ಪುಸ್ತಕ ಬಿಚ್ಚಿದೆನು. ಮೇಸ್ತ್ರಿ ಜಗುಲಿಯ ಮೇಲೆ ಕುಳಿತು, ಚಹದ ಬಟ್ಟಲು ಹಿಡಿದು ತಮ್ಮ ಮನೆತನದ ಕಥೆ ಹೇಳಿದರು. ಅವರು ಉಪ್ಪಾರರು. ತಾತ ಸುಣ್ಣದ ಗೂಡು ಹಾಕಿ ಕಲ್ಲು ಸುಡುತ್ತಿದ್ದರು. ತಂದೆ ಸುಟ್ಟ ಸುಣ್ಣವನ್ನು ಕತ್ತೆಯ ಮೇಲೆ ಹೇರಿ ಊರೂರಿಗೆ ಮಾರುತ್ತ, ಕೇಳಿದವರ ಮನೆಗೆ ಬಳಿದುಕೊಡುತ್ತಿದ್ದರು. ಇವರು ಡಬ್ಬಿಯ ಬಣ್ಣ ಬಂದ ಕಾಲದವರು. ಮಗ ಬೆಂಗಳೂರಿನಲ್ಲಿ ಯಂತ್ರ ಹಿಡಿದು ಬಣ್ಣ ಎರಚುತ್ತಾನೆ. “ಅವನಿಗೆ ಸರಕಾರದ ಕಾರ್ಡಿದೆ ಸ್ವಾಮಿ, ಪೇಂಟರ್ ಅಂತ ಬರೆದಿದ್ದಾರೆ” ಎಂದರು ಅಭಿಮಾನದಿಂದ. ಕಟ್ಟಡ ಕಾರ್ಮಿಕರ ಕ್ಷೇಮಕ್ಕಾಗಿ 1996ರಲ್ಲಿ ಕೇಂದ್ರದ ಕಾಯಿದೆಯಾದ ಮೇಲೆ ರಾಜ್ಯಗಳಲ್ಲಿ ಮಂಡಳಿಗಳಾಗಿ, ಕಾರ್ಮಿಕರ ಹೆಸರು ದಾಖಲಾಗುತ್ತಿದೆ. ಹಳೆಯ ಪುಸ್ತಕದಲ್ಲಿ ಜಾತಿಯ ಹೆಸರಿನ ಕೆಳಗೆ ಅಡಗಿದ್ದ ಕಸುಬು ಈಗ ಮನುಷ್ಯನ ಹೆಸರಿನ ಮುಂದೆ ಬಂದಿದೆ. ಅವನ ಜೊತೆ ಕೆಲಸ ಮಾಡುವವರು ಬಿಹಾರದವರು, ಒಡಿಶಾದವರು. ಬಣ್ಣ ಬಳಿಯುವವರು ಇಂಥ ಕುಲದವರು ಎಂದು ಇನ್ನು ಯಾರೂ ಬರೆಯುವಂತಿಲ್ಲ.

ಸುಣ್ಣದ ವಿಚಾರಕ್ಕೆ ಬಂದಾಗ ಮೇಸ್ತ್ರಿಯ ಮಾತಿಗೆ ಕಳೆ ಬಂತು. ಕರಾವಳಿಯವರು ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಾರೆ. ಬಯಲುಸೀಮೆಯವರಿಗೆ ನೆಲದಲ್ಲಿ ಸಿಕ್ಕುವ ಸುಣ್ಣದ ಕಲ್ಲೇ ಗತಿ. ಚೆನ್ನಾಗಿ ಕಾಯ್ದ ಗೂಡಿನಲ್ಲಿ, ಸುಮಾರು ಒಂಬೈನೂರು ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ, ಕಲ್ಲಿನೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ಶುದ್ಧವಾದ ನೂರು ಕಿಲೋ ಕಲ್ಲಿನಿಂದ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಇದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಆಗ ಮುಖ ಬಗ್ಗಿಸಿ ನೋಡಬಾರದು. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ನೀರು ನಿಲ್ಲಿಸಿ ಕೊಳೆಹಾಕಿದಷ್ಟೂ ನುಣುಪು. ಅದನ್ನು ತಿಳಿಮಾಡಿ, ಬಟ್ಟೆಯಲ್ಲಿ ಸೋಸಿ, ಅಂಟನ್ನೋ ಅಕ್ಕಿಯ ಗಂಜಿಯನ್ನೋ ಬೆರೆಸಿ, ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಬಳಿಯಬೇಕು. ಗೋಡೆಯ ಮೇಲೆ ಅದು ಗಾಳಿಯಿಂದ ತಾನು ಕಳೆದುಕೊಂಡ ಇಂಗಾಲಾಮ್ಲವನ್ನು ಮತ್ತೆ ಹೀರಿಕೊಂಡು ಮೆಲ್ಲಮೆಲ್ಲನೆ ಕಲ್ಲೇ ಆಗುತ್ತದೆ. ಗೂಡಿನಲ್ಲಿ ಹೋದದ್ದು ಗೋಡೆಯಲ್ಲಿ ಬಂತು!

ಬಿಳುಪು ಹೆಚ್ಚಲೆಂದು ಬೆರೆಸುವ ನೀಲಿಗೂ ಒಂದು ಚರಿತ್ರೆಯುಂಟು. ನೀಲಿ ಎಂದೊಡನೆ ನಮಗೆ ನೀಲಿಯ ಗಿಡ ನೆನಪಾಗುತ್ತದೆ. ಆದರೆ ಬಟ್ಟೆಗೂ ಸುಣ್ಣಕ್ಕೂ ಹಾಕುವ ಅಗ್ಗದ ಪುಡಿನೀಲಿ ಗಿಡದ್ದಲ್ಲ. ಫ್ರಾನ್ಸಿನ ಗಿಮೆ ಎಂಬಾತನು ಕೃತಕವಾಗಿ ಮಾಡುವ ಬಗೆಯನ್ನು ಕಂಡುಹಿಡಿದ ಅಲ್ಟ್ರಮರೀನು. ನಾವು ಅಪ್ಪಟ ಹಳ್ಳಿಯದೆಂದು ತಿಳಿದ ನೀಲಿಸುಣ್ಣದ ಗೋಡೆಯಲ್ಲಿ ಹೀಗೆ ಯುರೋಪಿನ ಕಾರ್ಖಾನೆಯ ವಿದ್ಯೆಯೂ ಇದೆ. ಡಬ್ಬಿಯ ಬಣ್ಣದಲ್ಲಿಯಾದರೋ ನಮ್ಮ ಪಾಲು ಕಡಮೆಯಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು; 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಅಲ್ಲಿಯದೇ. ಮುಂಬಯಿಯ ಏಷ್ಯನ್ ಪೇಂಟ್ಸಿನ ಡಬ್ಬಿಯ ಮೇಲೆ ಕುಂಚ ಹಿಡಿದು ನಿಂತಿದ್ದ ತುಂಟ ಹುಡುಗ ಗಟ್ಟುವನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರು. ಆ ಹುಡುಗನ ಹೆಸರು ಹೇಳಿದೊಡನೆ ಮೇಸ್ತ್ರಿ ನಕ್ಕರು. “ಅವನ ಡಬ್ಬಿ ತೊಳೆದು ನಮ್ಮ ಮನೇಲಿ ನೀರಿಗೆ ಇಟ್ಟುಕೊಂಡಿದ್ದೆವು ಸ್ವಾಮಿ!”

“ಯುಗಾದಿಗೂ ದೀಪಾವಳಿಗೂ ಬಳಿಯುವರು ಎಂದು ಪುಸ್ತಕದಲ್ಲಿದೆ. ಸರಿಯೆ?” ಎಂದು ಕೇಳಿದೆನು.

ಉತ್ತರ ಒಳಗಿನಿಂದ, ದಾದಿಯವರಿಂದ ಬಂತು. ಈ ಊರಿನ ಲೆಕ್ಕವೇ ಬೇರೆ. ಮೊಹರಮ್ಮಿನ ಚಂದ್ರ ಕಂಡ ದಿನದಿಂದ ಎರಡು ತಿಂಗಳು ಎಂಟು ದಿನ ಷಿಯಾ ಮನೆಗಳಲ್ಲಿ ದುಃಖಾಚರಣೆ. ಕರ್ಬಲೆಯಲ್ಲಿ ಇಮಾಂ ಹುಸೇನರು ಪ್ರಾಣ ಒಪ್ಪಿಸಿದ ನೆನಪು ಅದು. ಆಗ ಮದುವೆಯಿಲ್ಲ, ಹೊಸ ಬಟ್ಟೆಯ ಸಡಗರವಿಲ್ಲ. ಮನೆಗೆ ಬಣ್ಣ ಬಳಿಸಿ ಸಿಂಗರಿಸುವ ಮಾತಂತೂ ಇಲ್ಲ. ಬಳಿಸುವುದಾದರೆ ಮದುವೆಗೆ ಮುಂಚೆ, ರಂಜಾನ್ ಹಬ್ಬಕ್ಕೆ ಮುಂಚೆ. ಚಾಂದ್ರಮಾನದ ಆ ಪಂಚಾಂಗದಲ್ಲಿ ಅಧಿಕಮಾಸವಿಲ್ಲದ್ದರಿಂದ ಹಬ್ಬಗಳು ವರ್ಷವರ್ಷವೂ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತವೆ. “ಅದರಿಂದಲೇ ನಮ್ಮ ಹೊಟ್ಟೆ ತುಂಬಿದ್ದು” ಎಂದರು ಮೇಸ್ತ್ರಿ. “ಸುತ್ತ ಹಳ್ಳಿಗಳಲ್ಲಿ ಯುಗಾದಿಗೆ ಕೆಲಸ ಮುಗೀತು ಅಂದರೆ ದೀಪಾವಳಿವರೆಗೂ ಕೈ ಖಾಲಿ. ಅಲೀಪುರದ ಹಬ್ಬ ಒಂದೊಂದು ವರ್ಷ ಒಂದೊಂದು ಕಾಲಕ್ಕೆ ಬರ್ತಿತ್ತು. ಮಳೆಗಾಲಕ್ಕೆ ಬಂದರೆ ಮಾತ್ರ ಸುಣ್ಣ ಆರೋದಿಲ್ಲ, ಪೇಚಾಟ.” ಒಂದೇ ಬಕೀಟಿನ ಬಿಳಿಯ ನೀರಿಗೆ ಅವರಲ್ಲಿ ಮೂರು ಹೆಸರಿದ್ದವು: ಕನ್ನಡದ ಮನೆಯಲ್ಲಿ ಸುಣ್ಣ, ತೆಲುಗಿನ ಮನೆಯಲ್ಲಿ ವೆಲ್ಲ, ಅಲೀಪುರದಲ್ಲಿ ಚೂನಾ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿಯೇ ಬೇಸಾಯಗಾರರ ಬಾಯಿಂದ ಮಾತುಗಳನ್ನು ಕಲೆಹಾಕಿ ವೃತ್ತಿಪದಗಳ ಕೋಶವನ್ನು ಹೊರತಂದರು. ಮೇಸ್ತ್ರಿಯ ಎದುರು ಕುಳಿತಾಗ ಆ ಕೆಲಸದ ಬೆಲೆ ನನಗೆ ತಿಳಿಯಿತು.

ನನ್ನ ಬರವಣಿಗೆಯನ್ನು ಸ್ವಲ್ಪ ಹೊತ್ತು ನೋಡುತ್ತಿದ್ದ ಮೇಸ್ತ್ರಿ ಇದ್ದಕ್ಕಿದ್ದಂತೆ ಕೇಳಿದರು: “ನಮ್ಮ ಮನೆಯವಳನ್ನೂ ಬರೆದಿರಾ ಸ್ವಾಮಿ?”

ನಾನು ತಬ್ಬಿಬ್ಬಾದೆನು.

“ಗುಂಡಿಗೆ ನೀರು ಹೊತ್ತವಳು ಅವಳು. ಸುಣ್ಣ ಸೋಸಿದವಳು ಅವಳು. ಕೈಯೆಲ್ಲ ಒಡೆದು ರಕ್ತ ಬರ್ತಿತ್ತು. ಕೊಬ್ಬರಿ ಎಣ್ಣೆ ಸವರಿಕೊಂಡು ಮತ್ತೆ ಬರ್ತಿದ್ದಳು. ಕೂಲಿ ಮಾತ್ರ ನನ್ನ ಹೆಸರಿಗೆ. ಹೋಗಿ ಎಂಟು ವರ್ಷ ಆಯ್ತು.”

ಯಾರೂ ಮಾತನಾಡಲಿಲ್ಲ. ನನ್ನಾಕೆ ಮೆಲ್ಲಗೆ, “ನಮ್ಮಮ್ಮನೂ ಅಷ್ಟೆ” ಎಂದಳು. ಅವಳ ತವರಿನ ಮನೆಗೆ ಎಂದೂ ಬಣ್ಣದವನು ಬಂದದ್ದಿಲ್ಲವಂತೆ. ಹಬ್ಬಕ್ಕೆ ವಾರವಿರುವಾಗ ತಾಯಿ ಸೆರಗು ಬಿಗಿದು ತಾನೇ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದು, ಹೊಸಿಲಿಗೆ ಜಾಜು ಬಳಿಯುತ್ತಿದ್ದಳು. ಮಲೆನಾಡಿನ ದೀವರ ಹೆಂಗಸರು ಅಕ್ಕಿಯ ಹಿಟ್ಟಿನ ಬಿಳಿಯಿಂದಲೂ ಕೆಮ್ಮಣ್ಣಿನಿಂದಲೂ ಗೋಡೆಯ ಮೇಲೆ ಹಸೆ ಬರೆಯುತ್ತಾರೆ; ಅದನ್ನು ಕಲೆಯೆಂದು ಕರೆದು ಈಗ ಪ್ರದರ್ಶನಕ್ಕೆ ಇಡುತ್ತೇವೆ. ಬಯಲುಸೀಮೆಯ ತಾಯಿ ಬಳಿದ ಗೋಡೆ ಕಲೆಯೂ ಆಗಲಿಲ್ಲ, ಕೂಲಿ ಇಲ್ಲದ್ದರಿಂದ ಕಸುಬೂ ಆಗಲಿಲ್ಲ. ಹೀಗಾಗಿ ಯಾವ ಪುಸ್ತಕಕ್ಕೂ ಸೇರಲಿಲ್ಲ. ಈ ನಾಡಿನ ಎಷ್ಟು ಗೋಡೆಗಳನ್ನು ಇಂಥ ಕೈಗಳು ಬೆಳಗಿಸಿದವೋ, ಎಣಿಸಿದವರಾರು?

ಅಷ್ಟರಲ್ಲಿ ಒಳಗಿನಿಂದ ಯಜಮಾನರ ಮೊಮ್ಮಗ, ಮೂರು ವರ್ಷದ ಪೋರ, ಹಳೆಯ ಬಾಗಿಲಿನ ಹಸಿರು ಬಣ್ಣದ ಚಕ್ಕೆಯೊಂದನ್ನು ಬಾಯಿಗೆ ಹಾಕಿಕೊಳ್ಳುತ್ತ ಬಂದನು. ನನ್ನಾಕೆ ಎದ್ದು ಓಡಿ ಅದನ್ನು ಕಿತ್ತುಕೊಂಡಳು. ಮಗು ರಚ್ಚೆ ಹಿಡಿಯಿತು. ದಾದಿ ಎತ್ತಿಕೊಂಡು ಸಂತೈಸಿದರು. ಆಗ ನನಗೆ ಕೈಪಿಡಿಯ ಕೊನೆಯ ಸಾಲು ನೆನಪಾಯಿತು: ಸೀಸದ ಬಿಳಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಹಚ್ಚತಕ್ಕದ್ದು!

ವಾಚಕರು ದಯವಿಟ್ಟು ಇದನ್ನು ಗಮನಿಸಬೇಕು. ಸೀಸ ವಿಷ. ಮಕ್ಕಳ ಮಿದುಳಿಗೆ ಅದರಿಂದ ಆಗುವ ಹಾನಿ ತಿರುಗಿ ಸರಿಹೋಗುವಂಥದಲ್ಲ. ಇಷ್ಟು ಪ್ರಮಾಣದವರೆಗೆ ನಿರಪಾಯವೆಂಬ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಟ್ಟಡಗಳ ಒಳಭಾಗಕ್ಕೆ ಸೀಸದ ಬಿಳಿಯನ್ನು ಬಳಿಯಕೂಡದೆಂದು, ಕೆಲವು ವಿನಾಯಿತಿಗಳೊಡನೆ, ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಲ್ಲಿಯೇ ಒಡಂಬಡಿಕೆ ಮಾಡಿತ್ತು. ನಮ್ಮ ದೇಶದಲ್ಲಿ 2016ರ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಗೆ ಬಂದು, ಮನೆಗೆ ಬಳಿಯುವ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗವನ್ನು ಮೀರಕೂಡದೆಂದು ಕಟ್ಟುಮಾಡಿದವು. ಅದಕ್ಕೂ ಹಿಂದಿನ ಬಾಗಿಲು, ಕಿಟಕಿ, ತೊಟ್ಟಿಲುಗಳ ಎಣ್ಣೆಬಣ್ಣದಲ್ಲಿ ಸೀಸವಿರಬಹುದು. ಅದನ್ನು ಒಣಗಿದಂತೆಯೇ ಉಜ್ಜಿ ಹುಡಿ ಎಬ್ಬಿಸಬಾರದು, ಸುಟ್ಟು ತೆಗೆಯಬಾರದು. ನೀರು ಹಾಕಿ ನೆನೆಸಿ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಕೆಲಸ ಮುಗಿಯುವವರೆಗೂ ಮಕ್ಕಳನ್ನೂ ಬಸುರಿಯರನ್ನೂ ದೂರವಿಡಬೇಕು. ಮೇಸ್ತ್ರಿ ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. “ಐವತ್ತು ವರ್ಷ ಉಜ್ಜುಕಾಗದ ಹಿಡಿದು ಉಜ್ಜಿದ್ದೀನಿ ಸ್ವಾಮಿ. ಯಾರೂ ಹೇಳಲಿಲ್ಲ” ಎಂದರು. ನಾನು ತಲೆ ತಗ್ಗಿಸಿದೆನು. ಹೇಳಬೇಕಾಗಿದ್ದವರು ಕೈಪಿಡಿ ಬರೆಯುವವರಲ್ಲವೆ!

ಊಟವಾದ ಮೇಲೆ ಮೇಸ್ತ್ರಿ ದಾದಿಯ ಕೋಣೆಯಲ್ಲಿ ಒಂದು ಮೊಳದಷ್ಟು ಗೋಡೆಯನ್ನು ನೆನೆಸಿ ಗಾರೆ ಕಾಣುವವರೆಗೆ ಕೆರೆದರು. ಪ್ಲಾಸ್ಟಿಕ್ ಪೊರೆ ಸ್ವಲ್ಪವಾದರೂ ಉಳಿದರೆ ಸುಣ್ಣ ಹಿಡಿಯುವುದಿಲ್ಲವಂತೆ. ಹಳೆಯ ಗಾರೆ ಗಟ್ಟಿಯಾಗಿಯೇ ಇತ್ತು. ಉಪ್ಪಿನ ಹುಡಿಯನ್ನು ಕುಂಚದಿಂದ ಝಾಡಿಸಿ, ಜೊತೆಗೆ ತಂದಿದ್ದ ಸುಣ್ಣವನ್ನು ನೀರುಮಜ್ಜಿಗೆಯಂತೆ ತೆಳುಮಾಡಿ, ಕತ್ತಾಳೆಯ ನಾರಿನ ಕುಂಚದಿಂದ ಒಮ್ಮೆ ಉದ್ದಕ್ಕೆ ಬಳಿದು, ಅದು ಆರಿದ ಮೇಲೆ ಅಡ್ಡಕ್ಕೆ ಬಳಿದರು. ನೋಡಿದರೆ ಗೋಡೆಯ ಮೇಲೆ ಏನೂ ಇಲ್ಲ. ನೀರು ಸವರಿದ ಹಾಗಿದೆ. ಯಜಮಾನರ ಮುಖದಲ್ಲಿ ನಿರಾಶೆ ಕಂಡಿತು. “ಇಷ್ಟಕ್ಕೇನಾ ಮೇಸ್ತ್ರಿ?” ಎಂದರು.

“ಸಂಜೆವರೆಗೂ ತಡೀರಿ ಸಾಹೇಬರೇ. ಸುಣ್ಣ ಬಳಿಯೋನ ಕೈಯಲ್ಲಿ ಬಿಳಿ ಇರೋದಿಲ್ಲ, ಆರೋವಾಗ ಬರ್ತದೆ.”

ತಡೆದೆವು. ಆ ಮಧ್ಯಾಹ್ನ ಯಜಮಾನರು ಹರಳಿನ ಕೆಲಸವನ್ನು ತೋರಿಸಿದರು. ತಿರುಗುವ ಚಕ್ರಕ್ಕೆ ಒಡ್ಡಿದ ಮಂಕು ಕಲ್ಲು ಮುಖಮುಖವಾಗಿ ಸವೆದು, ಒಳಗಿದ್ದ ಬಣ್ಣವನ್ನು ಹೊರಗೆ ತೋರಿತು. “ನಮ್ಮದು ತೆಗೆಯುವ ಕೆಲಸ, ಮೇಸ್ತ್ರಿಯದು ಹಾಕುವ ಕೆಲಸ” ಎಂದರು ಅವರು. ಆದರೆ ಅಂದು ಬೆಳಿಗ್ಗೆ ಮಸೂರ ಹಿಡಿದು ಏಳು ಪದರಗಳನ್ನು ಎಣಿಸಿದವರೂ ಅವರೇ. ಅದಿಲ್ಲದಿದ್ದರೆ ಆ ಗೋಡೆಗೆ ಅಂದಿನ ವಾರದಲ್ಲಿಯೇ ಸುತ್ತಿಗೆ ಬೀಳುತ್ತಿತ್ತು.

ಸಂಜೆ ಐದರ ಹೊತ್ತಿಗೆ ದಾದಿಯೇ ಕೂಗಿ ಕರೆದರು. ಹೋಗಿ ನೋಡಿದೆವು. ಕಿಟಕಿಯ ಬೆಳಕಿನಲ್ಲಿ ಒಂದು ಮೊಳದ ಗೋಡೆ ಮಲ್ಲಿಗೆಯಂತೆ ಬೆಳ್ಳಗಾಗಿತ್ತು. ಆ ತಾಯಿ ಅದರ ಮೇಲೆ ಅಂಗೈಯಿಟ್ಟು, “ತಣ್ಣಗಿದೆ” ಎಂದರು. ಮಗನ ಕಡೆಗೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದರು. ಯಜಮಾನರು ನಮಗೆ ಅರ್ಥ ಹೇಳಿದರು: ಗಾರೆ ಒಡೆಯುವುದು ಬೇಡ, ಈ ಮಳೆಗಾಲ ಕಳೆಯಲಿ, ಕೋಣೆಯನ್ನೆಲ್ಲ ಹೀಗೆಯೇ ಮಾಡಿ ನೋಡೋಣ. ಬುಡದ ತೇವ ಸುಣ್ಣದಿಂದ ನಿಲ್ಲುವುದಿಲ್ಲ, ಹೊರಗೆ ಹೋಗಲು ದಾರಿ ಮಾತ್ರ ಸಿಕ್ಕುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಮತ್ತೆ ಬಳಿಸಲೇಬೇಕು ಎಂದು ಮೇಸ್ತ್ರಿ ಎಚ್ಚರಿಸಿದರು. “ಬಳಿಸುತ್ತೇನೆ. ಆದರೆ ನಿಮ್ಮ ಬಳಿಕ ಯಾರು?” ಎಂದರು ಯಜಮಾನರು. ಮೇಸ್ತ್ರಿ ನನ್ನ ಟಿಪ್ಪಣಿ ಪುಸ್ತಕದ ಕಡೆಗೆ ನೋಡಿದರು. ಆ ನೋಟವನ್ನು ನಾನು ಮರೆಯುವಂತಿಲ್ಲ.

ರೈಲಿನಲ್ಲಿ ಹಿಂದಿರುಗುವಾಗ ಆ ಆರು ಸಾಲುಗಳನ್ನು ಹೊಡೆದುಹಾಕಿ ಹೊಸದಾಗಿ ಬರೆಯಲು ಕುಳಿತೆನು. ನನ್ನಾಕೆ ತಡೆದಳು. “ಹಳೆಯದನ್ನು ಅಳಿಸಬೇಡಿ. ಹಸಿರು ಬಳಿದಾಗ ನೀಲಿಯನ್ನು ಕೆರೆದುಹಾಕಿದ್ದರೆ ಏಳು ಪದರ ಎಲ್ಲಿಂದ ಬರುತ್ತಿತ್ತು?” ಎಂದಳು. ಮಾತು ನಿಜವಾಗಿತ್ತು. ಹಳೆಯ ಸಾಲುಗಳನ್ನು ಹಾಗೆಯೇ ಉಳಿಸಿ, ಅವು ಯಾವ ಕಾಲದ ಮಾತೆಂಬುದನ್ನು ಸೂಚಿಸಿ, ಕೆಳಗೆ ಹೊಸದನ್ನು ವರ್ಷ ಹಾಕಿ ಬರೆದೆನು: ಕುಲದ ಕಸುಬು ಕೂಲಿಯ ಕಸುಬಾದದ್ದು, ಊರಿನಿಂದ ಊರಿಗೆ ಪಂಚಾಂಗ ಬೇರೆಯಾಗುವುದು, ಹಳೆಯ ಗೋಡೆಗೆ ಸುಣ್ಣವೇ ಏಕೆ ಎಂಬುದು, ಸುಣ್ಣ ಸೋಸಿದ ಹೆಂಗಸರು, ಕೂಲಿಯಿಲ್ಲದೆ ಬಳಿದ ತಾಯಂದಿರು. ಒಂದೇ ಒಂದು ಸಾಲನ್ನು ಮಾತ್ರ ಹಾಗೆಯೇ ಬಿಡಲಿಲ್ಲ. ಸೀಸದ ಬಿಳಿಯ ಆ ಸಾಲಿನ ಎದುರಿಗೆ ಕೆಂಪು ಶಾಯಿಯಲ್ಲಿ “ಇದು ವಿಷ, ಬಳಸಕೂಡದು” ಎಂದು ಬರೆದೆನು.

ಗೆಳೆಯರು ಓದಿ, “ಆರು ಸಾಲು ಕೇಳಿದರೆ ಆರು ಪುಟ ತಂದಿರಲ್ಲ!” ಎಂದರು. ಆದರೂ ಇಟ್ಟುಕೊಂಡರು.

ನೆರೆಮನೆಯವರ ಪ್ರಶ್ನೆಗೆ ಉತ್ತರವನ್ನೂ ಹೇಳಿಬಿಡುತ್ತೇನೆ. ಗೋಡೆ ನಮ್ಮ ಬೀದಿಯಲ್ಲಿಯೂ ಇದೆ, ನಿಮ್ಮ ಮನೆಯಲ್ಲಿಯೂ ಇದೆ. ಅದಕ್ಕಾಗಿ ರೈಲು ಹತ್ತಬೇಕಾಗಿಲ್ಲ. ಮುಂದಿನ ಸಲ ಬಣ್ಣ ಹೊಡೆಸುವ ಮುನ್ನ ಮನೆಯ ಹಿರಿಯರನ್ನು ಗೋಡೆಯ ಹತ್ತಿರ ಕರೆದು, ಒಳಗಿನ ಪದರಗಳು ಯಾವ ಯಾವ ವರ್ಷದವೆಂದು ಕೇಳಿರಿ. ಬಳಿಯಲು ಬಂದವರ ಹೆಸರನ್ನೂ ಕೇಳಿರಿ. ಎರಡನ್ನೂ ಎಲ್ಲಿಯಾದರೂ ಬರೆದಿಡಿರಿ.